ಮೂವತ್ಮೂರು ಕಾಜಾ

ಕಳೆದ ತಿಂಗಳು ಆಫೀಸಿನ ಬೆಳಗಿನ ಮೀಟಿಂಗಲ್ಲಿ ನಿಂತಿದ್ದಾಗ ಅಕ್ಕನ ಮಗನಿಂದ ವಾಟ್ಸಾಪಿಗೆ ಮೂರು ಫೋಟೋ ಬಂತು. ಕೆಳಗೆ ಒಂದೇ ಸಾಲು: "ಮಾಮ, ಯಾವ್ದು ತಗೊಳ್ಲಿ?"

ಹುಡುಗ ಗುರುಮಠ ಸೇರಿದ್ದಾನೆ. ಕ್ಯಾಥೊಲಿಕ್ ಪಾದ್ರಿಯಾಗೋ ಓದು. ಎಂಟು-ಹತ್ತು ವರ್ಷದ ದಾರಿ, ಇವನಿನ್ನೂ ಅದರ ಹೊಸಿಲಲ್ಲಿದ್ದಾನೆ. ನಿಲುವಂಗಿ ತೊಡುವ ದಿನ ಹತ್ತಿರ ಬಂದಿದೆ. ಮೊದಲ ಫೋಟೋದಲ್ಲಿ ನಮ್ಮೂರ ಕಡೆಯ ಪಾದ್ರಿಗಳೆಲ್ಲ ಹಾಕುವ ಸಾದಾ ಬಿಳಿ ಅಂಗಿ. ಎರಡನೆಯದು ಕಪ್ಪು, ಕತ್ತಿನಿಂದ ಪಾದದ ತನಕ ಸಾಲಾಗಿ ಪುಟ್ಟ ಪುಟ್ಟ ಗುಂಡಿ. ಮೂರನೆಯದು ಅದೇ ಕಪ್ಪು, ಜೊತೆಗೆ ಸೊಂಟಕ್ಕೆ ಅಗಲವಾದ ರೇಷ್ಮೆ ಪಟ್ಟಿ, ಹೆಗಲ ಮೇಲೊಂದು ಗಿಡ್ಡ ಮೇಲಂಗಿ. ಬೆಲೆ ಹದಿನಾಲ್ಕು ಸಾವಿರ ಚಿಲ್ಲರೆ. ನಾನು ಉತ್ತರ ಟೈಪ್ ಮಾಡೋದರೊಳಗೆ ಇನ್ನೊಂದು ಮೆಸೇಜು: "ಬಿಳೀದು ಬೇಡ ಮಾಮ, ವೇಟರ್ ಥರ ಕಾಣುತ್ತೆ."

ಅಲ್ಲಿಗೆ ನನ್ನ ತಲೆ ಕೆಟ್ಟಿತು.

ಇದರಲ್ಲಿ ಮಾತಾಡೋ ಹಕ್ಕು ನನಗೆ ಸ್ವಲ್ಪ ಇದೆ. ನಾನೂ ಒಂದು ಕಾಲಕ್ಕೆ ಆ ಅಂಗಿ ತೊಟ್ಟವನೇ. ತತ್ವಶಾಸ್ತ್ರ ಮುಗಿಸಿ ಹೊರಗೆ ಬಂದೆ, ಈಗ ಕೋಡ್ ಬರೀತೀನಿ. ಯಾಕೆ ಬಂದೆ ಅನ್ನೋದು ಬೇರೆ ಕತೆ, ಇಲ್ಲಿ ಬೇಡ. ಅಂಗಿ ಮಾತ್ರ ಹತ್ತು ವರ್ಷದಿಂದ ನನ್ನ ಬೀರುವಿನಲ್ಲಿದೆ.

ಆ ಮೂವತ್ಮೂರು ಗುಂಡಿ ಯೇಸುಸ್ವಾಮಿ ಭೂಮಿ ಮೇಲಿದ್ದ ಮೂವತ್ಮೂರು ವರ್ಷದ ಗುರುತಂತೆ. ಅಳಿಯಂದಿರು ಇದನ್ನೇ ನನಗೆ ವಿವರಿಸಿದರು. ಭಕ್ತಿಯ ಕಲ್ಪನೆ ಅಂತ ಒಪ್ಪಬಹುದು, ಆದರೆ ಧರ್ಮಸಭೆಯ ಕಾನೂನಿನಲ್ಲಿ ಗುಂಡಿಯ ಲೆಕ್ಕವೇ ಇಲ್ಲ. 1983ರ ಕಾನೂನು ಸಂಹಿತೆಯ 284ನೇ ವಿಧಿ ಹೇಳೋದು ಇಷ್ಟೇ: ಗುರುಗಳು ತಕ್ಕುದಾದ ಉಡುಪು ಧರಿಸಬೇಕು, ಅದು ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಯ ನಿಯಮಕ್ಕೂ ಸ್ಥಳೀಯ ರೂಢಿಗೂ ಹೊಂದಬೇಕು. ಸ್ಥಳೀಯ ರೂಢಿ! ಇಲ್ಲಿನ ಬಿಸಿಲಿಗೆ ಬಿಳಿ ಬಂದದ್ದು ಹಾಗೆ. ಯೇಸುಸಭೆಯವರ ಸಾಂಪ್ರದಾಯಿಕ ನಿಲುವಂಗಿಗೆ ಮುಂದೆ ಗುಂಡಿಯ ಸಾಲೇ ಇರಲಿಲ್ಲ. ಕತ್ತಿನ ಹತ್ತಿರ ಒಂದು ಕೊಕ್ಕೆ, ಸೊಂಟಕ್ಕೊಂದು ಪಟ್ಟಿ, ಮುಗೀತು. ಅವರೇನು ಯೇಸುವಿನ ವಯಸ್ಸು ಮರೆತಿದ್ದರೇ?

ಇನ್ನೂ ಒಂದು ವಿಷಯ. ಗುರುಮಠದ ಹುಡುಗ ಗುರುವರ್ಗಕ್ಕೆ ಸೇರಿದವನೇ ಅಲ್ಲ. 1972ರಲ್ಲಿ ಪೋಪ್ ಆರನೇ ಪೌಲರು ಹಳೇ ಕಿರಿಯ ದೀಕ್ಷೆಗಳನ್ನೆಲ್ಲ ತೆಗೆದು, ಡೀಕನ್ ಪಟ್ಟ ಸಿಕ್ಕ ಮೇಲಷ್ಟೇ ಒಬ್ಬ ಗುರುವರ್ಗ ಸೇರುತ್ತಾನೆ ಅಂತ ಮಾಡಿದರು. ಅಂದರೆ ಇವನು ಇವತ್ತು ನನ್ನ ನಿಮ್ಮ ಥರ ಸಾದಾ ವಿಶ್ವಾಸಿ. ಇಂಟರ್ನ್‌ಶಿಪ್ಪಿಗೆ ಬಂದ ಮೊದಲ ವಾರವೇ ವೈಸ್ ಪ್ರೆಸಿಡೆಂಟ್ ಕುರ್ಚಿ ಆರ್ಡರ್ ಮಾಡಿದ ಹಾಗಾಯ್ತು ಇದು.

"ಪರಂಪರೆ ಮಾಮ" ಅಂತಾನೆ. ಯಾವ ಪರಂಪರೆ ಅಂತ ನನ್ನ ಪ್ರಶ್ನೆ. 428ರಲ್ಲಿ ಪೋಪ್ ಮೊದಲನೇ ಸೆಲೆಸ್ಟೀನ್, ಈಗ ಫ್ರಾನ್ಸ್ ಆಗಿರುವ ಕಡೆಯ ಕೆಲವು ಬಿಷಪ್‌ಗಳಿಗೆ ಪತ್ರ ಬರೆದು ತರಾಟೆಗೆ ತಗೊಂಡಿದ್ದರು. ಆ ಬಿಷಪ್‌ಗಳು ವಿಶೇಷ ಬಟ್ಟೆ ತೊಟ್ಟು ಸೊಂಟಕ್ಕೆ ಪಟ್ಟಿ ಕಟ್ಟಲು ಶುರುಮಾಡಿದ್ದರು. ಜನರಿಂದ ನಾವು ಬೇರೆಯಾಗಿ ಕಾಣಬೇಕಾದ್ದು ಬೋಧನೆಯಿಂದ, ಬಟ್ಟೆಯಿಂದಲ್ಲ ಅನ್ನೋದು ಆ ಪತ್ರದ ತಾತ್ಪರ್ಯ. ಇದೂ ಪರಂಪರೆ ತಾನೆ, ಅದೂ ಸಾವಿರದ ಆರುನೂರು ವರ್ಷ ಹಳೇದು.

ನಮ್ಮ ಹತ್ತಿರದ ಉದಾಹರಣೆ ಬೇಕಾ? 1606ರಲ್ಲಿ ಮಧುರೆಗೆ ಬಂದ ಇಟಲಿಯ ರಾಬರ್ಟೊ ಡಿ ನೊಬಿಲಿ ಕಪ್ಪು ನಿಲುವಂಗಿ ಕಳಚಿಟ್ಟು ಸನ್ಯಾಸಿಯ ಕಾವಿ ಉಟ್ಟ. ಜೊತೆಯ ಪಾದ್ರಿಗಳೇ ದೂರು ಕೊಟ್ಟರು, ಜಗಳ ರೋಮಿನವರೆಗೆ ಹೋಯಿತು. 1623ರಲ್ಲಿ ಪೋಪ್ ಹದಿನೈದನೇ ಗ್ರೆಗೊರಿ ಅವನ ಪರವಾಗಿ ತೀರ್ಪು ಕೊಟ್ಟರು. ಹಾಗಂತ ಆ ಕಾವಿ ಕೂಡ ಮುಗ್ಧ ಅಂತ ನಾನು ಹೇಳಲ್ಲ. ಮೇಲ್ಜಾತಿಯವರ ಮನೆ ಬಾಗಿಲು ತೆರೆಯಲಿ ಅಂತಲೇ ಅವನು ಉಟ್ಟದ್ದು, ಅದಕ್ಕಾಗಿ ಕೆಳಜಾತಿಯವರಿಂದ ದೂರ ನಿಂತ. ಕಪ್ಪೋ ಕಾವಿಯೋ, ಬಟ್ಟೆ ಯಾರ ಮನೆಯ ಕದ ತೆಗೆಸುತ್ತೆ, ಯಾರ ಎದುರು ಮುಚ್ಚುತ್ತೆ ಅನ್ನೋದು ನಾಲ್ಕುನೂರು ವರ್ಷದಿಂದ ಇಲ್ಲಿರೋ ಪ್ರಶ್ನೆ. ಹದಿನಾಲ್ಕು ಸಾವಿರದ ಅಂಗಿ ಆ ಪ್ರಶ್ನೆ ಕೇಳಿಸಿಕೊಂಡೂ ಇಲ್ಲ.

ನನಗೆ ಅದು ಗೊತ್ತಾದದ್ದು ರಸ್ತೆಯಲ್ಲಿ. ಅಂಗಿ ಸಿಕ್ಕ ಮೊದಲ ರಜೆ. ಯಾವುದೋ ಪೂಜೆ ಮುಗಿಸಿ ನಿಲುವಂಗಿಯಲ್ಲೇ ಚಿಕ್ಕಪ್ಪನ ಗಾಡಿ ಓಡಿಸಿಕೊಂಡು ಬರ್ತಿದ್ದೆ, ತಲೆ ಮೇಲೆ ಹೆಲ್ಮೆಟ್ ಇಲ್ಲ. ಪೊಲೀಸ್ ಅಡ್ಡ ಹಾಕಿದ. ನನ್ನ ಮೇಲಿಂದ ಕೆಳಗೆ ನೋಡಿ, "ಓ ಫಾದರ್ರಾ, ಹೋಗಿ ಹೋಗಿ, ಹುಷಾರು" ಅಂದ. ನನಗಾಗ ಇಪ್ಪತ್ತು ವರ್ಷ. ನಾನು ಫಾದರ್ ಅಲ್ಲ, ಬ್ರದರ್. ತಿದ್ದಲಿಲ್ಲ. ನನ್ನ ಹಿಂದೆಯೇ ಹಾಲಿನ ಕ್ಯಾನ್ ಕಟ್ಟಿಕೊಂಡ ಮುದುಕರೊಬ್ಬರು, ಅವರಿಗೂ ಹೆಲ್ಮೆಟ್ ಇಲ್ಲ. ಅವರ ಗಾಡಿಯ ಕೀ ಕಿತ್ಕೊಂಡಿದ್ದು ಕನ್ನಡಿಯಲ್ಲಿ ಕಾಣಿಸ್ತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಬೇಕಿತ್ತು.

ಗುರುಮಠದಲ್ಲಿ ದೀನತೆ ಬಗ್ಗೆ ವಾರಕ್ಕೊಂದು ಪ್ರವಚನ ಕೇಳ್ತಿದ್ದೆವು. ಆ ಅರ್ಧ ನಿಮಿಷದಷ್ಟು ಯಾವುದೂ ಕಲಿಸಲಿಲ್ಲ.

ನನ್ನ ಆಫೀಸಿನ ಗೆಳೆಯರು ಇಷ್ಟು ಕೇಳಿದರೆ ಖುಷಿಯಿಂದ ತಲೆಯಾಡಿಸ್ತಾರೆ: ಹೌದು ಕಣೋ, ಅಂಗಿಯೇ ಬೇಡ, ಜೀನ್ಸ್ ಹಾಕ್ಕೊಳ್ಲಿ ಬಿಡು. ಸ್ವಾಮೀ, ನಾವೇನು ಕಮ್ಮಿ? ಭಾನುವಾರ ದರ್ಶಿನಿಯಲ್ಲಿ ಇಡ್ಲಿ ತಿನ್ನುವಾಗಲೂ ಕಂಪನಿ ಹೆಸರಿನ ಹುಡಿ, ಅಪಾರ್ಟ್‌ಮೆಂಟಿನ ಲಿಫ್ಟಲ್ಲೂ ಕೊರಳಲ್ಲಿ ಐಡಿ ಕಾರ್ಡು. ನಮ್ಮದೂ ನಿಲುವಂಗಿಯೇ, ಉದ್ದ ಕಮ್ಮಿ ಅಷ್ಟೆ. ಅಂಗಿಯೇ ಬೇಡ ಅನ್ನೋ ವಾದ ನನ್ನದಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಕಡೆ ಚರ್ಚುಗಳ ಮೇಲೆ ದಾಳಿಯಾದ ಮೇಲೆ ಅದೇ ಬಿಳಿ ಅಂಗಿಯಲ್ಲಿ ಬಸ್ ಹತ್ತಿದವರಿದ್ದಾರೆ. ಅದಕ್ಕೆ ಗುಂಡಿಗೆ ಬೇಕಿತ್ತು, ಗುಂಡಿಯಲ್ಲ. ಆಸ್ಪತ್ರೆ ವಾರ್ಡಿನಲ್ಲಿ ಸಾಯ್ತಾ ಮಲಗಿದವರಿಗೆ ದೂರದಿಂದ ಆ ಬಿಳಿ ಕಂಡರೆ ಒಂದು ಸಮಾಧಾನ, ಅದನ್ನೂ ಕಣ್ಣಾರೆ ನೋಡಿದ್ದೀನಿ. ಗುರುತಿಗೊಂದು ಬಟ್ಟೆ ಬೇಕು. ಮೆರವಣಿಗೆಗೆ ಬೇಡ.

ರೋಮಿನಲ್ಲೂ ಇದೇ ಕತೆ. ಅಲ್ಲಿ 1798ರಿಂದ ಪಾದ್ರಿಗಳ ಬಟ್ಟೆ ಹೊಲಿಯುತ್ತಾ ಬಂದಿರುವ ಗಮ್ಮರೆಲ್ಲಿ ಅನ್ನೋ ಅಂಗಡಿ ಇದೆ, ಪೋಪರಿಗೂ ಹೊಲಿದುಕೊಟ್ಟವರು. ಅಂಥ ದರ್ಜಿ ಅಂಗಡಿಗಳಲ್ಲಿ ಎಳೇ ಪಾದ್ರಿಗಳು ನಿಲುವಂಗಿ, ಟೋಪಿ, ಲೇಸು ಹಾಕಿ ಹಾಕಿ ನೋಡೋದು ನಾಚಿಕೆಗೇಡು ಅಂತ 2023ರ ಅಕ್ಟೋಬರಿನಲ್ಲಿ ಪೋಪ್ ಫ್ರಾನ್ಸಿಸ್ ಸಿನೊಡ್ ಸಭೆಯಲ್ಲೇ ಬೈದರು. ನಮ್ಮ ಹುಡುಗ ರೋಮಿಗೆ ಹೋಗಬೇಕಾಗಿಲ್ಲ, ಫೋನಿನಲ್ಲೇ ಹಾಕಿ ನೋಡ್ತಾನೆ.

ಆದರೆ ನನಗೆ ನಿಜವಾಗಿ ಚುಚ್ಚಿದ್ದು ಪೋಪರೂ ಅಲ್ಲ, ಕಾನೂನೂ ಅಲ್ಲ. ಅವನ ಅಮ್ಮ, ಅಂದರೆ ನನ್ನಕ್ಕ, ಭಾವ ಹೋದ ಮೇಲೆ ಈ ಹುಡುಗನ್ನ ಸಾಕಿದ್ದು ಕಾಜಾ ಹಾಕಿ. ಕಾಜಾ ಅಂದರೆ ಗುಂಡಿ ತೂರೋ ತೂತಿನ ಸುತ್ತ ಹಾಕೋ ಕೈಹೊಲಿಗೆ. ಪೇಟೆಯ ಟೈಲರ್ ಹತ್ತಿರ ಶರ್ಟಿನ ಗಂಟು ತಂದು ರಾತ್ರಿಯೆಲ್ಲ ಕೂತು ಹಾಕೋಳು. ಒಂದು ಕಾಜಾಕ್ಕೆ ರೂಪಾಯಿ, ಆಮೇಲೆ ಎರಡು. ಅವಳ ಬೆರಳ ತುದಿ ಇವತ್ತಿಗೂ ಒರಟು. ಆ ಕಪ್ಪು ಅಂಗಿಯ ಫೋಟೋ ನೋಡಿದಾಗ ನನಗೆ ಕಂಡದ್ದು ಗುಂಡಿಗಳಲ್ಲ, ಮೂವತ್ಮೂರು ಕಾಜಾ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಇಲ್ಲಿ ಹಿಟ್ಟೂ ಅವಳದೇ, ಮಲ್ಲಿಗೆಯೂ ಅವಳದೇ.

ಇದನ್ನೇ ಉದ್ದವಾಗಿ ಬರೆದು ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ರಾತ್ರಿ ಅಕ್ಕನೇ ಫೋನ್ ಮಾಡಿದಳು. ನನ್ನ ಪರವಾಗಿ ಅಂದ್ಕೊಂಡ್ರಾ? "ನೀನಂತೂ ಮಧ್ಯದಲ್ಲೇ ಬಿಟ್ಟು ಬಂದೆ. ಅವನಾದ್ರೂ ಚೆನ್ನಾಗಿ ಹಾಕ್ಕೊಳ್ಲಿ ಬಿಡೋ. ಊರಿನ ಜನ ನೋಡ್ಲಿ, ಕಾಜಾದವಳ ಮಗ ಅಂತ ಇಷ್ಟು ವರ್ಷ ಅಂದಿಲ್ವಾ?"

ಏನು ಹೇಳೋದು ಇದಕ್ಕೆ? ಆ ಮಾತಿಗೆ ನನ್ನ ಹತ್ತಿರ ಸೆಲೆಸ್ಟೀನನ ಪತ್ರವಿರಲಿಲ್ಲ. ಆದರೂ ಒಪ್ಪಲಿಲ್ಲ. ಕಾಜಾದವಳ ಮಗ ಅನ್ನೋದನ್ನ ಮುಚ್ಚೋಕೆ ಅಂಗಿ ಬೇಕು ಅಂತಾದರೆ, ನಾಳೆ ಅದೇ ಅಂಗಿಯಲ್ಲಿ ಇನ್ನೊಬ್ಬ ಕಾಜಾದವಳ ಮನೆಗೆ ಇವನು ಹೇಗೆ ಹೋಗ್ತಾನೆ ಅಂತ ಕೇಳಿದೆ. ಅಕ್ಕ ಫೋನ್ ಇಟ್ಟಳು.

ಮಾರನೇ ದಿನ ಎರಡು ಬಿಳಿ ಅಂಗಿಗಾಗುವಷ್ಟು ಟೆರಿಕಾಟನ್ ಬಟ್ಟೆ ತಗೊಂಡು ಊರ ಬಸ್ಸಿಗೆ ಪಾರ್ಸಲ್ ಹಾಕಿದೆ. ಹದಿನಾಲ್ಕು ಸಾವಿರ ಕೊಡಲ್ಲ ಅಂತಲೂ ಹೇಳಿದ್ದೀನಿ. ಎರಡು ವಾರವಾಯ್ತು, ಇಬ್ಬರೂ ಮಾತಾಡ್ತಿಲ್ಲ. ನಿನ್ನೆ ಮಾತ್ರ ಹುಡುಗನ ಮೆಸೇಜು ಬಂತು: "ಮಾಮ, ನಿಮ್ಮ ಹಳೇ ಅಂಗಿ ಉದ್ದ ಎಷ್ಟು? ಅಮ್ಮ ಅಳತೆಗೆ ಕೇಳ್ತಿದ್ದಾಳೆ."