ಮಣ್ಣು ಪರೀಕ್ಷೆಯ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬೇಕು?

ಕೆಲವು ಕಾಲದ ಹಿಂದೆ ಹಿರಿಯ ರೈತರೊಬ್ಬರು ಎರಡು ಮಣ್ಣು ಪರೀಕ್ಷಾ ವರದಿಗಳನ್ನು ಹಿಡಿದು ನನ್ನ ಬಳಿಗೆ ಬಂದರು. ಹೊಲದ ಒಂದೇ ಮಣ್ಣನ್ನು ಎರಡು ಚೀಲ ಮಾಡಿ, ಒಂದಕ್ಕೆ ತಮ್ಮ ಹೆಸರನ್ನೂ ಇನ್ನೊಂದಕ್ಕೆ ಮಗನ ಹೆಸರನ್ನೂ ಬರೆದು ಪರೀಕ್ಷೆಗೆ ಕೊಟ್ಟಿದ್ದರಂತೆ. ಒಂದರಲ್ಲಿ ಸಾವಯವ ಇಂಗಾಲ ಶೇ. 0.48, ಅಂದರೆ 'ಕಡಿಮೆ'. ಮತ್ತೊಂದರಲ್ಲಿ ಶೇ. 0.54, ಅಂದರೆ 'ಮಧ್ಯಮ'. "ಸ್ವಾಮೀ, ಮಣ್ಣು ಒಂದೇ. ಇವೆರಡರಲ್ಲಿ ಸುಳ್ಳು ಯಾವುದು?" ಎಂದರು. "ಎರಡೂ ಸುಳ್ಳಲ್ಲ ಯಜಮಾನರೇ" ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ಅವರ ಪ್ರಶ್ನೆ ನ್ಯಾಯವಾದುದು. ರಾಸಾಯನಿಕ ವಿಶ್ಲೇಷಣೆಯ ಮೂಲತತ್ತ್ವಗಳನ್ನು ನಾವು ಪದವಿ ವಿದ್ಯಾರ್ಥಿಗಳಿಗೆ ತಪ್ಪದೆ ಕಲಿಸುತ್ತೇವೆ. ಆದರೆ ಆ ಅಂಕಿಯನ್ನು ನಂಬಿ ಗೊಬ್ಬರಕ್ಕೆ ಹಣ ಸುರಿಯುವ ರೈತನಿಗೆ ಒಂದು ಮಾತನ್ನೂ ಹೇಳುವುದಿಲ್ಲ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಈ ಅಂಕಿ ಹುಟ್ಟುವ ಬಗೆಯನ್ನು ನೋಡೋಣ. ವಾಕ್ಲೀ ಮತ್ತು ಬ್ಲ್ಯಾಕ್ ಎಂಬುವರು 1934ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಒಂದು ಗ್ರಾಂ ಮಣ್ಣಿಗೆ 10 ಮಿ.ಲೀ. ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣವನ್ನೂ 20 ಮಿ.ಲೀ. ಗಂಧಕಾಮ್ಲವನ್ನೂ ಸೇರಿಸಿ ಅರ್ಧ ಗಂಟೆ ಇಡುತ್ತಾರೆ. ಮಣ್ಣಿನಲ್ಲಿರುವ ಇಂಗಾಲ ಡೈಕ್ರೋಮೇಟಿನ ಒಂದು ಭಾಗವನ್ನು ಖರ್ಚು ಮಾಡುತ್ತದೆ. ಉಳಿದದ್ದೆಷ್ಟೆಂದು ತಿಳಿಯಲು ಬ್ಯೂರೆಟ್ಟಿನಿಂದ ಫೆರಸ್ ಅಮೋನಿಯಂ ಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ನೀಲಿಯಿಂದ ಹಸಿರಿಗೆ ತಿರುಗಿದ ಕ್ಷಣದಲ್ಲಿ ನಿಲ್ಲಿಸಬೇಕು. ಮಣ್ಣಿಲ್ಲದ ಫ್ಲಾಸ್ಕಿಗೆ 20 ಮಿ.ಲೀ. ಹಿಡಿದು, ಮಣ್ಣಿರುವುದಕ್ಕೆ 16.8 ಮಿ.ಲೀ. ಹಿಡಿದರೆ ವ್ಯತ್ಯಾಸ 3.2 ಮಿ.ಲೀ. ಒಂದು ಮಿ.ಲೀ. ವ್ಯತ್ಯಾಸಕ್ಕೆ ಶೇ. 0.15ರಂತೆ ಇಂಗಾಲ ಶೇ. 0.48 ಆಗುತ್ತದೆ. 16.4ಕ್ಕೇ ನಿಲ್ಲಿಸಿದರೆ ಶೇ. 0.54! ನಡುವಿನ ಅಂತರ 0.4 ಮಿ.ಲೀ., ಅಂದರೆ ಸುಮಾರು ಎಂಟು ಹನಿ.

ಕಡಿಮೆ ಮತ್ತು ಮಧ್ಯಮಗಳ ನಡುವಿನ ಗಡಿ ಶೇ. 0.5. ಈ ರೈತರ ಮಣ್ಣು ಗಡಿಯ ಮೇಲೇ ನಿಂತಿತ್ತು. ಎಕರೆಗೆ 40 ಕಿಲೋ ಸಾರಜನಕ ಬೇಡುವ ಬೆಳೆಗೆ 'ಕಡಿಮೆ' ಎಂಬ ಕಾರಣದಿಂದ ಕಾಲು ಭಾಗ ಹೆಚ್ಚಿಸಿದರೆ ಸುಮಾರು 22 ಕಿಲೋ ಯೂರಿಯಾ ಹೆಚ್ಚಾಗಿ ಬೀಳುತ್ತದೆ. ಎಂಟು ಹನಿಗಳ ಬೆಲೆ ಅರ್ಧ ಮೂಟೆ ಯೂರಿಯಾ!

ಇನ್ನೊಂದು ವಿಷಯ. ಮತ್ತೆ ಮತ್ತೆ ಅಳೆದಾಗ ಒಂದೇ ಉತ್ತರ ಬರುವುದು ಬೇರೆ, ಆ ಉತ್ತರ ನಿಜವಾಗಿರುವುದು ಬೇರೆ. ಸವೆದ ತೂಕದ ಕಲ್ಲಿಟ್ಟು ತಕ್ಕಡಿ ಹಿಡಿದರೆ ಪ್ರತಿ ಸಲವೂ ತೂಕ ಒಂದೇ ಬರುತ್ತದೆ, ಆದರೆ ಪ್ರತಿ ಸಲವೂ ತಪ್ಪು. ಪ್ರಯೋಗಾಲಯದಲ್ಲೂ ಹೀಗೆಯೇ. ಫೆರಸ್ ದ್ರಾವಣ ಗಾಳಿ ತಗುಲಿ ದಿನದಿನಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. ಅದು ನೂರಕ್ಕೆ ನಾಲ್ಕರಷ್ಟು ಕುಗ್ಗಿದ್ದು, ಹಳೆಯ ಲೆಕ್ಕವನ್ನೇ ಹಿಡಿದರೆ, ಶೇ. 0.54 ಇರುವ ಮಣ್ಣು ಶೇ. 0.44 ಎಂದು ತೋರುತ್ತದೆ. ಮೂರು ಸಲ ಮಾಡಿದರೂ ಅದೇ ತಪ್ಪು. ಆದುದರಿಂದಲೇ ಮಣ್ಣಿಲ್ಲದ ಪರೀಕ್ಷೆಯನ್ನು ಪ್ರತಿದಿನವೂ ಮಾಡತಕ್ಕದ್ದು.

ತಪ್ಪೆಲ್ಲ ಪ್ರಯೋಗಾಲಯದ್ದೇ ಎಂದು ರೈತ ಬಾಂಧವರು ಭಾವಿಸಬಾರದು. ಒಂದು ಎಕರೆಯ ಉಳುಮೆ ಪದರದ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. 90 ಕೋಟಿ ಗ್ರಾಂ ಮಣ್ಣಿನ ಪರವಾಗಿ ಒಂದೇ ಒಂದು ಗ್ರಾಂ ಸಾಕ್ಷಿ ಹೇಳಬೇಕು! ಬದುವಿನ ಪಕ್ಕದಿಂದಲೋ ತಿಪ್ಪೆ ಇದ್ದ ಜಾಗದಿಂದಲೋ ಒಂದು ಹಿಡಿ ತುಂಬಿ ಕಳಿಸಿದರೆ ಎಂತಹ ರಸಾಯನಶಾಸ್ತ್ರಜ್ಞನೂ ಅದನ್ನು ಸರಿಪಡಿಸಲಾರ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹದಿನೈದು ಕಡೆ, ಆರು ಅಂಗುಲ ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಿನಲ್ಲಿ ಒಣಗಿಸಿ ಕೊಡಬೇಕು. ಗೊಬ್ಬರದ ಚೀಲವನ್ನು ಇದಕ್ಕೆ ಬಳಸಲೇಬಾರದು. ಕೆಂಪು ಮಣ್ಣು, ಕಪ್ಪು ಮಣ್ಣು ಎರಡೂ ಇದ್ದರೆ ಮಾದರಿಗಳೂ ಎರಡಿರಲಿ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯ ಮೊದಲ ಸುತ್ತುಗಳಲ್ಲಿ ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ, ಖುಷ್ಕಿಯಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ ತೆಗೆಯಲಾಯಿತು. ಊರಿನ ಮಣ್ಣಿನ ಸ್ಥಿತಿ ತಿಳಿಯಲು ಇದು ಸಾಕು. ಆದರೆ ಇಪ್ಪತ್ತೈದು ಎಕರೆಯಲ್ಲಿ ಎಷ್ಟು ಜನರ ಹಿಡುವಳಿಗಳಿರುತ್ತವೆ? ಆ ಚೀಟಿಯ ಅಂಕಿ ನಿಮ್ಮ ಹೊಲದ್ದೇ ಎಂದು ತಿಳಿಯಬಾರದು.

ಪ್ರಯೋಗಾಲಯಗಳು ವರದಿಯಲ್ಲಿ ಅಂಕಿಯ ಜೊತೆಗೆ ಅದು ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬುದನ್ನೂ ಮುದ್ರಿಸಬೇಕು. ದಶಾಂಶದ ಮುಂದೆ ನಾಲ್ಕು ಸ್ಥಾನ ಬರೆದ ಮಾತ್ರಕ್ಕೆ ಅಂಕಿ ನಿಖರವಾಗುವುದಿಲ್ಲ. ರೈತರೂ ಸಂಕೋಚ ಬಿಟ್ಟು, "ಎರಡು ಸಲ ಮಾಡಿದ್ದೀರಾ? ಮಣ್ಣಿಲ್ಲದ ಪರೀಕ್ಷೆಯನ್ನು ಇಂದು ಮಾಡಿದ್ದೀರಾ?" ಎಂದು ಕೇಳಬೇಕು. ಅಂಕಿ ಗಡಿಯ ಹತ್ತಿರವಿದ್ದರೆ ಹಿಂದಿನ ವರ್ಷದ ಬೆಳೆಯನ್ನೂ ಹಾಕಿದ ಕೊಟ್ಟಿಗೆ ಗೊಬ್ಬರವನ್ನೂ ನೆನೆದು ನಿರ್ಧರಿಸುವುದು ಲೇಸು.

ಆ ಹಿರಿಯರಿಗೆ ಅಂದು ನಾನು ಹೇಳಿದ್ದೂ ಇಷ್ಟೇ. ಅವರು ಹೆಚ್ಚಿನ ಅರ್ಧ ಮೂಟೆ ಯೂರಿಯಾ ಕೊಳ್ಳುವುದನ್ನು ಬಿಟ್ಟು, ಶಿಫಾರಸಿನಷ್ಟೇ ಹಾಕಿ, ಎರಡು ಗಾಡಿ ಕೊಟ್ಟಿಗೆ ಗೊಬ್ಬರ ಹೆಚ್ಚು ಹೊಡೆಸುವೆನೆಂದು ಹೇಳಿ ಹೋದರು.