ಶಬ್ದಕ್ಕೆ ಮರುಳಾಗಬೇಡ, ಗುರುವೇ!

“ಅಣ್ಣಾ, ಆರ್‌.ಡಿ. ಒಂದು ಸಿಕ್ತಾ ಇದೆ. ತಗೊಂಡ್‌ಬಿಡ್ಲಾ?” ಅಂತ ಕೇಳುವ ಹುಡುಗರಿಗೆ ಇವತ್ತಿಗೂ ಬರವಿಲ್ಲ. ತಮಾಷೆ ನೋಡಿ, ಹಾಗೆ ಕೇಳುವವರಲ್ಲಿ ಹೆಚ್ಚಿನವರು ಆ ಗಾಡಿಯ ತಯಾರಿಕೆ ನಿಂತ ಮೇಲೆ ಹುಟ್ಟಿದವರು!

‘ಬಾಬಿ’ (1973) ಚಿತ್ರದಲ್ಲಿ ರಿಷಿ ಕಪೂರ್ ಓಡಿಸಿದ ಪುಟಾಣಿ ರಾಜದೂತ್ ಅಲ್ಲ ಇದು. ಇದು ರಾಜದೂತ್ 350. ವಿನ್ಯಾಸ ಜಪಾನಿನ ಯಮಹಾದ್ದು, ತಯಾರಿಸಿದ್ದು ನಮ್ಮ ದೇಶದ ಎಸ್ಕಾರ್ಟ್ಸ್. 1983ರಲ್ಲಿ ಬಂತು, ಆ ದಶಕ ಮುಗಿಯುವಷ್ಟರಲ್ಲಿ ನಿಂತೇ ಹೋಯ್ತು. 347 ಸಿ.ಸಿ., ಎರಡು ಸಿಲಿಂಡರ್, ಆರು ಗೇರ್. ಮೈಸೂರಿನ ಯೆಜ್ದಿಯೇ ರಾಜ ಅಂತಿದ್ದ ನಮ್ಮ ಹೈಕಳು ಇದರ ಸದ್ದು ಕೇಳಿ ಬೆಚ್ಚಿಬಿದ್ದಿದ್ದು ಸುಳ್ಳಲ್ಲ.

ಮಾರುವವನಿಗೂ ಇದು ಗೊತ್ತು. ನೀನು ಹೋಗೋ ಹೊತ್ತಿಗೆ ಎಂಜಿನ್ ಬಿಸಿ ಮಾಡಿ ಇಟ್ಟಿರ್ತಾನೆ. ಒಂದು ಸಲ ‘ರೊಂಯ್’ ಅನ್ನಿಸಿದ ಅಂದ್ರೆ ನಿನ್ನ ಜೇಬು ಅವನ ಕೈಯಲ್ಲಿ! ಅದಕ್ಕೇ, ಮೊದಲು ಎಂಜಿನ್ ಮುಟ್ಟಿ ನೋಡು. ಬೆಚ್ಚಗಿದ್ರೆ “ಟೀ ಕುಡಿದು ಬರೋಣ” ಅನ್ನು. ತಣ್ಣಗಾದ ಮೇಲೆ ಕಿಕ್ ಹೊಡಿ. ಎರಡೂ ಸೈಲೆನ್ಸರ್ ಹಿಂದೆ ಅಂಗೈ ಹಿಡಿ; ಒಂದು ಉಸಿರಾಡದಿದ್ರೆ ಅರ್ಧ ಗಾಡಿಗೆ ಪೂರ್ತಿ ದುಡ್ಡು. ಟೂ ಸ್ಟ್ರೋಕ್ ಅಲ್ವಾ, ಹೊಗೆ ಇದ್ದದ್ದೇ. ಆದ್ರೆ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ರೆ ಕ್ರ್ಯಾಂಕ್ ಸೀಲ್ ಹೋಗಿ ಗೇರ್ ಆಯಿಲ್ ಉರೀತಿರಬಹುದು. ಆಯಿಲ್ ಪಂಪ್ ಕಿತ್ತುಹಾಕಿದ್ದಾರಾ ಅಂತಲೂ ಕೇಳು. ಕಿತ್ತಿದ್ರೆ ಪ್ರತಿ ಸಲ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಮರೆತೆಯೋ, ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ಓಡ್ತಿರುವಾಗಲೇ ಲಾಕ್!

“ಪಕ್ಕಾ ಎಚ್‌.ಟಿ. ಸಾರ್” ಅಂತ ರೇಟು ಏರಿಸ್ತಾರೆ. ಮೊದಲು ಬಂದ ಎಚ್‌.ಟಿ.ಗೆ 30.5 ಅಶ್ವಶಕ್ತಿ, ಆಮೇಲೆ ಮೈಲೇಜಿಗೋಸ್ಕರ ಇಳಿಸಿದ ಎಲ್‌.ಟಿ.ಗೆ ಸುಮಾರು 27. ಹೆಸರು ಕೇಳಿ ದುಡ್ಡು ಸುರೀಬೇಡ, ತಿಳಿದ ಮೆಕ್ಯಾನಿಕ್ಕನ್ನ ಜೊತೆಗೆ ಕರ್ಕೊಂಡು ಹೋಗು.

ನನ್ನ ಕೇಳಿದ್ರೆ ಎಂಜಿನ್ನಿಗಿಂತ ಮೊದಲು ನೋಡಬೇಕಾದ್ದು ಬ್ರೇಕು. ಜಪಾನಿನ ಆರ್‌.ಡಿ.ಗೆ ಮುಂದೆ ಡಿಸ್ಕ್ ಇತ್ತು. ನಮ್ಮಲ್ಲಿ ತಯಾರಾದದ್ದಕ್ಕೆ 7 ಇಂಚಿನ ಡ್ರಮ್ಮು. ಗಾಡಿ ಬಾಣ, ಬ್ರೇಕು ಹಗ್ಗ! ಸಿನಿಮಾದಲ್ಲಿ ಹೀರೋ ಬೈಕು ‘ಕಟ್’ ಅಂದಲ್ಲಿ ನಿಲ್ಲುತ್ತೆ. ನಿನ್ನ ಎದುರಿಗೆ ಎಮ್ಮೆ ಬಂದಾಗ ‘ಕಟ್’ ಅನ್ನೋಕೆ ಡೈರೆಕ್ಟರ್ ಇರಲ್ಲ. ಕೆಲವರು ಡಿಸ್ಕ್ ಹಾಕಿಸಿರ್ತಾರೆ. ಗಾಡಿಯ ಅಸಲಿತನ ಹಾಳಾಯ್ತು ಅಂತ ಗೊಣಗುವವರು ಗೊಣಗಲಿ. ಕೆಲಸ ನೆಟ್ಟಗಿದ್ರೆ ನಾನಂತೂ ಅಂಥದ್ದನ್ನೇ ಆರಿಸ್ತೀನಿ.

ಇನ್ನು ಕಾಗದ. ಶಂಕರ್‌ನಾಗ್ ಅವರ ‘ಮಿಂಚಿನ ಓಟ’ (1980) ನೋಡಿದವರಿಗೆ ಕದ್ದ ಗಾಡಿಯ ಕಥೆ ಹೇಳಬೇಕಾಗಿಲ್ಲ. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌.ಸಿ. ಜೊತೆ ಅಕ್ಷರ ಅಕ್ಷರ ತಾಳೆ ಹಾಕು. ಉಜ್ಜಿ ಕೆತ್ತಿದ ಗುರುತು ಕಂಡ್ರೆ ಅಲ್ಲಿಂದ ಕಾಲ್ತೆಗೆ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಆಗಿರಬೇಕು. ಹೊರರಾಜ್ಯದ್ದಾದ್ರೆ ಅಲ್ಲಿನ ಆರ್‌.ಟಿ.ಓ. ಕೊಟ್ಟ ನಿರಾಕ್ಷೇಪಣಾ ಪತ್ರವೂ ಬೇಕು. ಫಾರಂ 29, 30ರ ಮೇಲೆ ಸಹಿ ಹಾಕಬೇಕಾದವನು ಆರ್‌.ಸಿ.ಯಲ್ಲಿ ಹೆಸರಿರುವವನು, ಅವನ ಭಾವಮೈದ ಅಲ್ಲ. “ದುಡ್ಡು ಈಗ ಕೊಡಿ, ಪೇಪರ್ ಆಮೇಲೆ ಕಳಿಸ್ತೀನಿ” ಅಂದ್ರೆ, ನಮಸ್ಕಾರ ಹೇಳಿ ಬಂದ ಬಸ್ಸಲ್ಲೇ ವಾಪಸ್ ಹೊರಡು.