ಒತ್ತಡ ಕುಸಿದೊಡನೆ ಗ್ಯಾಸ್ ತುಂಬಿಸಬೇಕೆ?

ಬಿಸಿನೀರಿಗಾಗಿ ಹೀಟ್ ಪಂಪ್ ಅಳವಡಿಸಿಕೊಂಡಿರುವ ಹೋಟೆಲು, ವಸತಿಗೃಹ, ಆಸ್ಪತ್ರೆಗಳ ಮಾಲೀಕರು ನಮ್ಮ ಸದಸ್ಯರಲ್ಲಿ ಅನೇಕರಿದ್ದಾರೆ. ಗೀಸರ್ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖವನ್ನಷ್ಟೇ ನೀಡುತ್ತದೆ. ಸುಸ್ಥಿತಿಯಲ್ಲಿರುವ ಹೀಟ್ ಪಂಪ್ ಹೊರಗಾಳಿಯ ಶಾಖವನ್ನೂ ಹೀರಿಕೊಂಡು ಸುಮಾರು ಮೂರು ಯೂನಿಟ್ ನೀಡಬಲ್ಲದು. ಆದರೆ ಈ ಲಾಭವೆಲ್ಲ ‘ಸುಸ್ಥಿತಿ’ ಎಂಬ ಒಂದೇ ಮಾತನ್ನು ಅವಲಂಬಿಸಿದೆ.

ಬೆಂಗಳೂರಿನ ನಮ್ಮ ವಸತಿಗೃಹದಲ್ಲಿ ಕೆಲವು ವರ್ಷಗಳ ಹಿಂದೆ ಒಂದೇ ಚಳಿಗಾಲದಲ್ಲಿ ಮೂರು ಬಾರಿ ಗ್ಯಾಸ್ ತುಂಬಿಸಿದೆವು. ಮುಂಜಾನೆ ನೀರು ಬೆಚ್ಚಗಾಗುತ್ತಿರಲಿಲ್ಲ; ಎವಾಪರೇಟರ್ ಮೇಲೆ ಹಿಮ ಕಟ್ಟುತ್ತಿತ್ತು. ತಂತ್ರಜ್ಞನು ಗೇಜು ಜೋಡಿಸಿ, ಒತ್ತಡ ಕಡಿಮೆಯಿದೆಯೆಂದು ಹೇಳಿ ಸಿಲಿಂಡರ್ ತೆರೆಯುತ್ತಿದ್ದನು. ಮುಳ್ಳು ತುಸು ಮೇಲೇರುತ್ತಿತ್ತು, ನಾನು ಬಿಲ್ಲಿಗೆ ಸಹಿ ಹಾಕುತ್ತಿದ್ದೆ. ನಾಲ್ಕನೆಯ ಬಾರಿ ಬಂದ ಹಿರಿಯ ಮೆಕ್ಯಾನಿಕ್ ಒಬ್ಬರು ಸಿಲಿಂಡರನ್ನು ಮುಟ್ಟಲೇ ಇಲ್ಲ. ಸಕ್ಷನ್ ಕೊಳವೆಗೆ ಥರ್ಮಾಮೀಟರ್ ಕಟ್ಟಿ ನೋಡಿದರು, ಬಳಿಕ ಯಂತ್ರದ ಹಿಂಬದಿಗೆ ಹೋದರು. ಆ ವರ್ಷ ನಾವೇ ಹೊಸದಾಗಿ ಹಾಕಿಸಿದ್ದ ಅಡುಗೆಮನೆಯ ಹೊಗೆಕೊಳವೆಯ ಬಾಯಿ ನೇರವಾಗಿ ಎವಾಪರೇಟರ್‌ನತ್ತ ತಿರುಗಿತ್ತು! ಎಣ್ಣೆಜಿಡ್ಡಿಗೆ ಧೂಳಂಟಿ ರೆಕ್ಕೆಗಳ ಸಂದುಗಳೆಲ್ಲ ಮುಚ್ಚಿಹೋಗಿದ್ದವು. ಅಂದರೆ ಕೊರತೆಯಿದ್ದುದು ಗ್ಯಾಸಿನದಲ್ಲ, ಗಾಳಿಯದು. ತೊಳೆದ ಮೇಲೆ ಹೆಚ್ಚುವರಿ ಗ್ಯಾಸನ್ನು ಹೊರತೆಗೆಯಬೇಕಾಯಿತು. ಅಷ್ಟರಲ್ಲಿ ದ್ರವರೂಪದ ಗ್ಯಾಸ್ ನುಗ್ಗಿ ಜಖಂಗೊಂಡಿದ್ದ ಕಂಪ್ರೆಸರ್ ಎರಡು ತಿಂಗಳಲ್ಲಿ ಕೈಕೊಟ್ಟಿತು.

ಒತ್ತಡವೊಂದರಿಂದಲೇ ರೋಗನಿದಾನ ಸಾಧ್ಯವಿಲ್ಲ. 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವಾಗ ಆರ್-134ಎ ಗೇಜಿನಲ್ಲಿ ಸುಮಾರು 36 ಪಿಎಸ್‌ಐ ತೋರಿಸಿದರೆ, ಆರ್-22 ಸುಮಾರು 70, ಆರ್-410ಎ ಸುಮಾರು 120 ತೋರಿಸುತ್ತದೆ. ಈ ಕುದಿ ಉಷ್ಣತೆಗೂ ಸಕ್ಷನ್ ಕೊಳವೆಯ ನಿಜವಾದ ಉಷ್ಣತೆಗೂ ಇರುವ ಅಂತರವೇ ಸೂಪರ್‌ಹೀಟ್. ಒತ್ತಡ ಕಡಿಮೆಯಿದ್ದು ಈ ಅಂತರವೂ ಕಿರಿದಾಗಿದ್ದರೆ ಎವಾಪರೇಟರ್‌ಗೆ ಶಾಖ ದೊರೆಯುತ್ತಿಲ್ಲವೆಂದು ಅರ್ಥ. ಫ್ಯಾನನ್ನೂ ಕೊಳೆಯನ್ನೂ ನೋಡಬೇಕು. ಅಂತರ ಹಿರಿದಾಗಿದ್ದರೆ ಗ್ಯಾಸ್ ಸಾಕಷ್ಟು ತಲುಪುತ್ತಿಲ್ಲ. ಆಗಲೂ ಸಿಲಿಂಡರ್‌ಗೆ ಕೈಹಾಕುವ ಮುನ್ನ ಕಂಡೆನ್ಸರ್‌ನಿಂದ ಹೊರಬರುವ ದ್ರವದ ಸಬ್‌ಕೂಲಿಂಗ್ ಅಳೆಯಬೇಕು. ಅದು ಕಡಿಮೆಯಿದ್ದರೆ ಸೋರಿಕೆಯ ಶಂಕೆ. ಸರಿಯಾಗಿಯೋ ಹೆಚ್ಚಾಗಿಯೋ ಇದ್ದರೆ ಫಿಲ್ಟರ್ ಡ್ರೈಯರ್ ಅಥವಾ ಎಕ್ಸ್‌ಪ್ಯಾನ್ಷನ್ ವಾಲ್ವ್ ಕಟ್ಟಿಕೊಂಡಿರುವ ಸಂಭವ. ಈ ಪರೀಕ್ಷೆಗೆ ಅರ್ಧ ಗಂಟೆ ಸಾಕು.

ಸೋರಿಕೆಯೇ ಆದರೂ ಅದನ್ನು ಮುಚ್ಚದೆ ಗ್ಯಾಸ್ ತುಂಬುವುದು ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ಆರ್-407ಸಿಯಂತಹ ಮಿಶ್ರಣದಲ್ಲಿ ಘಟಕಗಳು ಒಂದೇ ಪ್ರಮಾಣದಲ್ಲಿ ಸೋರುವುದಿಲ್ಲವಾದ್ದರಿಂದ, ಉಳಿದುದನ್ನು ಹೊರತೆಗೆದು ಹೊಸದಾಗಿ ತೂಕ ಮಾಡಿ ತುಂಬುವುದೇ ಸರಿಯಾದ ಕ್ರಮ. ವಾತಾವರಣಕ್ಕೆ ಸೇರುವ ಒಂದು ಕಿಲೋ ಆರ್-410ಎ ಎರಡು ಸಾವಿರ ಕಿಲೋಗೂ ಮಿಕ್ಕಿದ ಇಂಗಾಲದ ಡೈಆಕ್ಸೈಡಿಗೆ ಸಮ. ಭಾರತವು 2021ರಲ್ಲಿ ಕಿಗಾಲಿ ತಿದ್ದುಪಡಿಯನ್ನು ಸ್ಥಿರೀಕರಿಸಿರುವುದರಿಂದ ಈ ಗ್ಯಾಸುಗಳ ಬಳಕೆ ಹಂತಹಂತವಾಗಿ ಇಳಿಯಲೇಬೇಕು.

ದೋಷವನ್ನು ತಂತ್ರಜ್ಞರ ಮೇಲಷ್ಟೇ ಹೊರಿಸಲಾರೆ. ಗ್ಯಾಸಿಗೆ ಹಣ ಕೊಡುವ ನಾವು ಪರೀಕ್ಷೆಗೆ ಹಣ ಕೇಳಿದರೆ ಹುಬ್ಬು ಗಂಟಿಕ್ಕುತ್ತೇವೆ. ಬೆಳಗಿನ ಆರು ಗಂಟೆಗೆ ‘ಏನಾದರೂ ಮಾಡಿ, ನೀರು ಬಿಸಿಯಾಗಲಿ’ ಎಂದು ಅವಸರಪಡಿಸುವವರೂ ನಾವೇ. ಆದ್ದರಿಂದ ವಾರ್ಷಿಕ ನಿರ್ವಹಣಾ ಒಪ್ಪಂದವನ್ನೇ ತಿದ್ದಬೇಕೆಂಬುದು ನನ್ನ ಅಭಿಪ್ರಾಯ. ಪರೀಕ್ಷೆಗೆ ಪ್ರತ್ಯೇಕ ಶುಲ್ಕವಿರಲಿ. ಎರಡೂ ಬದಿಯ ಒತ್ತಡ, ಸೂಪರ್‌ಹೀಟ್, ಸಬ್‌ಕೂಲಿಂಗ್ ಹಾಗೂ ತುಂಬಿದ ಗ್ಯಾಸಿನ ತೂಕ ನಮೂದಾಗದ ಬಿಲ್ಲಿಗೆ ಪಾವತಿ ಬೇಡ. ನಮ್ಮ ಒಪ್ಪಂದದಲ್ಲಿ ಈ ಷರತ್ತನ್ನು ಸೇರಿಸಿದಾಗ ನಿರ್ವಹಣೆಯವರು ಮೊದಲು ಗೊಣಗಿದರು; ಈಗ ಥರ್ಮಾಮೀಟರನ್ನು ಜೊತೆಯಲ್ಲೇ ತರುತ್ತಾರೆ. ಹೊಗೆಕೊಳವೆಯ ಬಾಯಿಯನ್ನೂ ತಿರುಗಿಸಿಯಾಗಿದೆ.